ಮುಕ್ತ ಕಚೇರಿ ತಂತ್ರಾಂಶದ ಪೂರ್ವೋತ್ತರ

ತಾಳೆಯೋಲೆಯ ಕಾಲದಲ್ಲಿ ಗ್ರಂಥಗಳು ಉಳಿದು ಬಂದುದು ಅವುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದ ಒಡೆಯರ ಬಲದಿಂದಲ್ಲ. ಅವುಗಳನ್ನು ಮರಳಿ ಮರಳಿ ಪ್ರತಿಮಾಡಿದ ಲಿಪಿಕಾರರ ಶ್ರಮದಿಂದ. ಓಲೆಗೆ ಹುಳುವಿನ ಭಯವುಂಟು, ತೇವದ ಭಯವುಂಟು, ಬೆಂಕಿಯ ಭಯವುಂಟು. ಒಂದೇ ಮನೆಯಲ್ಲಿ ಒಂದೇ ಪ್ರತಿಯಾಗಿದ್ದ ಗ್ರಂಥವು ಆ ಮನೆತನದೊಡನೆಯೇ ಅಳಿಯುವುದು. ಊರಿಂದೂರಿಗೆ ಪ್ರತಿಯಾಗಿ ಹೋದ ಗ್ರಂಥವು ಹತ್ತು ಮನೆಗಳು ಅಳಿದರೂ ಹನ್ನೊಂದನೆಯ ಮನೆಯಲ್ಲಿ ದೊರೆಯುವುದು. ಹಳೆಯ ಗ್ರಂಥಗಳನ್ನು ಶೋಧಿಸಿ ಅಚ್ಚುಹಾಕಿಸಿದ ವಿದ್ವಾಂಸರೆಲ್ಲರೂ ಅರಿತ ಮಾತಿದು. ಈಗಿನ ಕಾಲದ ಬರವಣಿಗೆಗೆ ಸಾಧನವಾಗಿರುವ ಒಂದು ವಸ್ತುವಿನ ಚರಿತ್ರೆಯಲ್ಲಿಯೂ ಇದೇ ನ್ಯಾಯವು ಕಂಡುಬರುತ್ತದೆ. ಆ ವಸ್ತುವೇ ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶ.

ಕಚೇರಿ ತಂತ್ರಾಂಶವೆಂದರೆ ಪತ್ರ, ಲೇಖನ, ಪುಸ್ತಕಗಳನ್ನು ಬರೆಯುವುದಕ್ಕೂ, ಲೆಕ್ಕದ ಕೋಷ್ಟಕಗಳನ್ನು ಹಾಕುವುದಕ್ಕೂ, ಸಭೆಯಲ್ಲಿ ತೋರಿಸತಕ್ಕ ಚಿತ್ರಪುಟಗಳನ್ನು ಸಿದ್ಧಪಡಿಸುವುದಕ್ಕೂ ಗಣಕಯಂತ್ರದಲ್ಲಿ ಉಪಯೋಗಿಸುವ ಕಾರ್ಯಕ್ರಮಗಳ ಸಮೂಹ. ಕಾಗದದ ಮೇಲೆ ಬರೆದುದನ್ನು ಓದುವುದಕ್ಕೆ ಅಕ್ಷರಜ್ಞಾನವೊಂದಿದ್ದರೆ ಸಾಕು. ಗಣಕಯಂತ್ರದಲ್ಲಿ ಬರೆದುದು ಹಾಗಲ್ಲ. ಅಲ್ಲಿ ಅಕ್ಷರಗಳು ಸಂಖ್ಯೆಗಳಾಗಿ ನಿಂತಿರುತ್ತವೆ. ಯಾವ ಸಂಖ್ಯೆಗೆ ಯಾವ ಅಕ್ಷರ, ಶೀರ್ಷಿಕೆ ಯಾವುದು, ಕೋಷ್ಟಕವೆಲ್ಲಿ ಎಂಬ ಕಟ್ಟಳೆಯನ್ನು ಬಲ್ಲ ತಂತ್ರಾಂಶವಿದ್ದರೆ ಮಾತ್ರ ಆ ಕಡತವು ತೆರೆದುಕೊಳ್ಳುವುದು. ೧೯೯೦ರ ದಶಕದಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಕಂಪೆನಿಯ ಕಚೇರಿ ತಂತ್ರಾಂಶವು ಪ್ರಪಂಚದ ಬಹುಭಾಗದಲ್ಲಿ ಬೇರೂರಿತು. ಅದರ ಕಡತಗಳ ಒಳಕಟ್ಟು ಬಹುಕಾಲ ಹೊರಗಿನವರಿಗೆ ಸಂಪೂರ್ಣವಾಗಿ ತಿಳಿದಿರಲಿಲ್ಲ. ೨೦೦೮ರಲ್ಲಿ ಆ ಕಂಪೆನಿಯು ಅದರ ವಿವರಣೆಯನ್ನು ಎಲ್ಲರಿಗೂ ದೊರೆಯುವಂತೆ ಪ್ರಕಟಿಸಿತು. ಅಲ್ಲಿಯವರೆಗೆ ಬರಹದ ಪೆಟ್ಟಿಗೆಯು ಬರೆದವನದು, ಅದರ ಬೀಗದಕೈ ಮತ್ತೊಬ್ಬರದು ಎಂಬಂತಹ ಸ್ಥಿತಿಯಿದ್ದಿತು.

ಇದಕ್ಕೆ ಪ್ರತಿಯಾಗಿ ಬೆಳೆದ ತಂತ್ರಾಂಶದ ಮೂಲವು ಜರ್ಮನಿಯಲ್ಲಿರುವುದು. ೧೯೮೫ನೆಯ ಇಸವಿಯಲ್ಲಿ ಉತ್ತರ ಜರ್ಮನಿಯ ಲೂನೆಬುರ್ಗ್ ಪಟ್ಟಣದಲ್ಲಿ ಮಾರ್ಕೋ ಬೋರೀಸ್ ಎಂಬ ಹದಿನಾರರ ಹರೆಯದ ತರುಣನು ಸ್ಟಾರ್ ಡಿವಿಷನ್ ಎಂಬ ಕಂಪೆನಿಯನ್ನು ಸ್ಥಾಪಿಸಿದನು. ಆಗ್ಗೆ ಮನೆಗಳಿಗೆ ಬರತೊಡಗಿದ್ದ ಸಣ್ಣ ಗಣಕಗಳಿಗಾಗಿ ಸ್ಟಾರ್‌ರೈಟರ್ ಎಂಬ ಬರವಣಿಗೆಯ ಕಾರ್ಯಕ್ರಮವು ಆ ಕಂಪೆನಿಯ ಮೊದಲ ಕೃತಿ. ತರುವಾಯ ಕಂಪೆನಿಯು ಹ್ಯಾಂಬುರ್ಗ್ ನಗರದಲ್ಲಿ ನೆಲಸಿತು. ಬರವಣಿಗೆಯ ಕಾರ್ಯಕ್ರಮದೊಡನೆ ಲೆಕ್ಕದ ಕೋಷ್ಟಕ, ಚಿತ್ರರಚನೆ ಮುಂತಾದುವೂ ಕೂಡಿಕೊಂಡು ೧೯೯೦ರ ದಶಕದಲ್ಲಿ ಸ್ಟಾರ್‌ಆಫೀಸ್ ಎಂಬ ಸಮೂಹವಾಯಿತು. ಇದು ಒಂದೇ ಬಗೆಯ ಯಂತ್ರಕ್ಕೆ ಕಟ್ಟುಬೀಳದೆ ವಿಂಡೋಸ್, ಸೊಲಾರಿಸ್, ಲಿನಕ್ಸ್ ಮೊದಲಾದ ಹಲವು ವ್ಯವಸ್ಥೆಗಳಲ್ಲಿ ನಡೆಯುತ್ತಿದ್ದುದು ಇದರ ವಿಶೇಷ. ಆದರೆ ಈ ಹಂತದಲ್ಲಿ ಇದೂ ಉಳಿದವುಗಳಂತೆ ಖಾಸಗಿ ಸ್ವತ್ತೇ ಆಗಿದ್ದಿತು.

೧೯೯೯ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯು ಸ್ಟಾರ್ ಡಿವಿಷನ್ ಅನ್ನು ಕೊಂಡುಕೊಂಡಿತು. ಕೊಂಡ ಕಾರಣವು ಸ್ವಾರಸ್ಯವಾಗಿದೆ. ಸನ್ ಕಂಪೆನಿಯ ನೌಕರರು ಆಗ ಸಾವಿರಾರು ಮಂದಿ. ಅವರೆಲ್ಲರಿಗೂ ಮೈಕ್ರೋಸಾಫ್ಟಿನ ಲೈಸೆನ್ಸುಗಳನ್ನು ಕೊಳ್ಳುವುದಕ್ಕಿಂತ ಕಚೇರಿ ತಂತ್ರಾಂಶವನ್ನು ತಯಾರಿಸುವ ಕಂಪೆನಿಯೊಂದನ್ನೇ ಕೊಳ್ಳುವುದು ಅಗ್ಗವಾಗಿದ್ದಿತೆಂದು ಆ ಕಂಪೆನಿಯಲ್ಲಿದ್ದ ಸೈಮನ್ ಫಿಪ್ಸ್ ಮುಂದೆ ತಿಳಿಸಿದರು. ಪ್ರತಿಸ್ಪರ್ಧಿಯ ಏಕಾಧಿಪತ್ಯವನ್ನು ಸಡಿಲಿಸುವ ಆಸೆಯೂ ಇದರೊಡನೆ ಸೇರಿದ್ದಿತು. ಹೀಗೆ, ಲೋಕಕ್ಕೆ ಉಪಕಾರವಾದ ಕಾರ್ಯವು ಲೋಕೋಪಕಾರದ ಉದ್ದೇಶದಿಂದಲೇ ಮೊದಲಾಗಬೇಕೆಂಬ ನಿಯಮವಿಲ್ಲ.

ಇಷ್ಟರಲ್ಲಿ ಅಮೆರಿಕದಲ್ಲಿ ಮತ್ತೊಂದು ವಿಚಾರವು ಬೆಳೆದು ನಿಂತಿದ್ದಿತು. ತಂತ್ರಾಂಶವೆಂಬುದು ಮೊದಲು ಮನುಷ್ಯರು ಓದಬಹುದಾದ ಭಾಷೆಯಲ್ಲಿ ಬರೆಯಲ್ಪಡುತ್ತದೆ. ಇದಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ಇದನ್ನು ಮೂಲಪಾಠವೆನ್ನಬಹುದು. ಮಾರಾಟಗಾರರು ಮೂಲಪಾಠವನ್ನು ತಮ್ಮಲ್ಲೇ ಇಟ್ಟುಕೊಂಡು, ಯಂತ್ರಕ್ಕೆ ಮಾತ್ರ ತಿಳಿಯುವ ರೂಪವನ್ನು ಗ್ರಾಹಕನಿಗೆ ಕೊಡುವುದು ವಾಡಿಕೆ. ರಿಚರ್ಡ್ ಸ್ಟಾಲ್ಮನ್ ಎಂಬವರು ಈ ವಾಡಿಕೆಯನ್ನು ವಿರೋಧಿಸಿ ೧೯೮೩ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು; ೧೯೮೫ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಉಪಯೋಗಿಸುವ, ಅದರ ಮೂಲಪಾಠವನ್ನು ಓದಿ ತಿದ್ದುವ, ಪ್ರತಿಮಾಡಿ ಹಂಚುವ, ತಿದ್ದಿದುದನ್ನು ಪ್ರಕಟಿಸುವ ಸ್ವಾತಂತ್ರ್ಯಗಳು ಎಲ್ಲರಿಗೂ ಇರಬೇಕೆಂಬುದು ಅವರ ಮತ. ಈ ಸ್ವಾತಂತ್ರ್ಯಗಳನ್ನು ಕಾನೂನಿನ ಬಲದಿಂದ ಕಾಯ್ದಿಡುವ ಲೈಸೆನ್ಸ್ ಪತ್ರಗಳನ್ನೂ ಆ ಸಂಸ್ಥೆಯು ರಚಿಸಿತು. ಇಲ್ಲಿ ಮುಖ್ಯವಾದುದು ಬೆಲೆಯಲ್ಲ, ಅಧಿಕಾರ. ಉಚಿತವಾಗಿ ಕೊಟ್ಟುದನ್ನು ಕೊಟ್ಟವನು ನಾಳೆ ನಿಲ್ಲಿಸಬಹುದು; ಆದರೆ ಲೈಸೆನ್ಸಿನ ಮೂಲಕ ಒಮ್ಮೆ ಕೊಟ್ಟ ಪ್ರತಿಮಾಡುವ ಹಕ್ಕು ಆ ಪಾಠದ ಮಟ್ಟಿಗೆ ಜನರ ಕೈಯಲ್ಲೇ ಉಳಿಯುವುದು.

ಸನ್ ಕಂಪೆನಿಯು ಈ ಮಾರ್ಗವನ್ನು ಹಿಡಿಯಿತು. ೨೦೦೦ದ ಜುಲೈಯಲ್ಲಿ ಸ್ಟಾರ್‌ಆಫೀಸಿನ ಮೂಲಪಾಠವನ್ನು ಬಿಡುಗಡೆ ಮಾಡುವುದಾಗಿ ಸಾರಿ, ಅಕ್ಟೋಬರ್ ೧೩ರಂದು ಅದನ್ನು ಲೋಕದ ಮುಂದಿಟ್ಟಿತು. ಓಪನ್ ಆಫೀಸ್ ಎಂಬ ಹೆಸರು ಆಗಲೇ ಬೇರೆಯವರ ವಶದಲ್ಲಿದ್ದುದರಿಂದ, ಕೊನೆಗೆ ಡಾಟ್ ಆರ್ಗ್ ಎಂದು ಸೇರಿಸಿ ಯೋಜನೆಗೆ ಓಪನ್‌ಆಫೀಸ್ ಡಾಟ್ ಆರ್ಗ್ ಎಂದೇ ನಾಮಕರಣವಾಯಿತು. ಜರ್ಮನ್ ಕೈಗಳಲ್ಲಿ ಬೆಳೆದ ಆ ಮೂಲಪಾಠದ ನಡುನಡುವೆ ಬರೆದಿದ್ದ ಟಿಪ್ಪಣಿಗಳು ಜರ್ಮನ್ ಭಾಷೆಯಲ್ಲಿಯೇ ಇದ್ದುವು. ಬೇರೆ ದೇಶದವರಿಗೆ ಅವು ತಿಳಿಯವು. ಮುಂದೆ ಸ್ವಯಂಸೇವಕರು ಹಲವು ವರ್ಷಗಳ ಕಾಲ ಕುಳಿತು ಅವುಗಳನ್ನು ಸಾಲುಸಾಲಾಗಿ ಇಂಗ್ಲಿಷಿಗೆ ತಿರುಗಿಸಿದರು. ಪಾಠವು ಎಲ್ಲರದೂ ಆಗಬೇಕಾದರೆ ಅದರ ವ್ಯಾಖ್ಯಾನವೂ ಎಲ್ಲರಿಗೂ ತಿಳಿಯಬೇಕಷ್ಟೆ.

೨೦೦೨ರ ಮೇ ೧ರಂದು ಇದರ ೧.೦ ಆವೃತ್ತಿಯು ಹೊರಬಂದಿತು. ಅದಕ್ಕಿಂತಲೂ ಬಹುಕಾಲ ಬಾಳತಕ್ಕ ಕಾರ್ಯವು ಕಡತದ ಕಟ್ಟಳೆಯ ವಿಷಯದಲ್ಲಿ ನಡೆಯಿತು. ಈ ತಂತ್ರಾಂಶದ ಕಡತರೂಪವನ್ನೇ ತಳಹದಿಯಾಗಿಟ್ಟುಕೊಂಡು, ಯಾವ ಕಂಪೆನಿಗೂ ಸೇರದ ಸಾಮಾನ್ಯ ಕಟ್ಟಳೆಯೊಂದನ್ನು ಓಯಾಸಿಸ್ ಎಂಬ ಸಂಸ್ಥೆಯು ಸಿದ್ಧಪಡಿಸಿ ೨೦೦೫ರ ಮೇ ತಿಂಗಳಲ್ಲಿ ಅಂಗೀಕರಿಸಿತು. ಇದಕ್ಕೆ ಓಪನ್ ಡಾಕ್ಯುಮೆಂಟ್ ಎಂದು ಹೆಸರು. ೨೦೦೬ರಲ್ಲಿ ಇದು ೨೬೩೦೦ ಎಂಬ ಸಂಖ್ಯೆಯಿಂದ ಅಂತರರಾಷ್ಟ್ರೀಯ ಪ್ರಮಾಣವಾಯಿತು. ಈ ಬಗೆಯ ಕಡತವು ಒಂದು ಗಂಟಿನಂತೆ. ಗಂಟನ್ನು ಬಿಚ್ಚಿದರೆ ಒಳಗೆ ಬರಹವು ಒಂದು ಹಾಳೆಯಲ್ಲಿಯೂ, ಅದರ ಅಲಂಕಾರವು ಮತ್ತೊಂದು ಹಾಳೆಯಲ್ಲಿಯೂ ಓದಬಹುದಾದ ಅಕ್ಷರಗಳಲ್ಲಿಯೇ ಇರುತ್ತವೆ. ತಂತ್ರಾಂಶವೇ ಇಲ್ಲವಾದ ಕಾಲದಲ್ಲಿಯೂ, ಕಟ್ಟಳೆಯನ್ನು ಓದಬಲ್ಲವನು ಬರಹವನ್ನು ಹೊರತೆಗೆಯಬಹುದು. ೨೦೦೯ರಿಂದ ಮೈಕ್ರೋಸಾಫ್ಟಿನ ತಂತ್ರಾಂಶವೂ ಈ ಕಡತಗಳನ್ನು ಓದಬರೆಯತೊಡಗಿತು.

ಮೂಲಪಾಠವು ತೆರೆದಿದ್ದುದರಿಂದ ಸಣ್ಣ ಭಾಷೆಗಳಿಗಾದ ಲಾಭಕ್ಕೆ ಒಂದು ನಿದರ್ಶನವುಂಟು. ಹಂಗೇರಿಯನ್ ಭಾಷೆಯಲ್ಲಿ ಕನ್ನಡದಂತೆಯೇ ಪ್ರಕೃತಿಯ ಮೇಲೆ ಪ್ರತ್ಯಯಗಳು ಒಂದರ ಮೇಲೊಂದು ಬಂದು ಕೂಡುತ್ತವೆ. ಇಂಗ್ಲಿಷಿಗಾಗಿ ಮಾಡಿದ ಕಾಗುಣಿತ ಪರೀಕ್ಷಕವು, ಪದಗಳ ಪಟ್ಟಿಯನ್ನು ನೋಡಿ ಒಪ್ಪುತಪ್ಪುಗಳನ್ನು ಹೇಳುವಂತಹುದು, ಇಂತಹ ಭಾಷೆಗೆ ಸಾಲದು. ಲಾಸ್ಲೋ ನೇಮೆಥ್ ಎಂಬ ಹಂಗೇರಿಯದ ವಿದ್ವಾಂಸರು ಇದ್ದ ಪರೀಕ್ಷಕವನ್ನು ವಿಸ್ತರಿಸಿ, ಪ್ರತ್ಯಯಗಳನ್ನೂ ಸಮಾಸಗಳನ್ನೂ ಬಿಡಿಸಿ ನೋಡುವ ಹನ್‌ಸ್ಪೆಲ್ ಎಂಬುದನ್ನು ರಚಿಸಿದರು. ೨೦೦೬ರಲ್ಲಿ ಅದು ಓಪನ್‌ಆಫೀಸಿನಲ್ಲಿ ಸೇರಿತು. ಅನಂತರ ಪ್ರಸಿದ್ಧವಾದ ಇತರ ಅನೇಕ ತಂತ್ರಾಂಶಗಳೂ ಅದನ್ನು ಸ್ವೀಕರಿಸಿದುವು. ಒಂದು ಸಣ್ಣ ದೇಶದವರು ತಮ್ಮ ಭಾಷೆಗಾಗಿ ಮಾಡಿಕೊಂಡುದು ದೊಡ್ಡ ಕಂಪೆನಿಯ ಅಪ್ಪಣೆಗೆ ಕಾಯದೆ ಎಲ್ಲರ ಸ್ವತ್ತಾಯಿತು.

ಇಷ್ಟಾದರೂ ಯೋಜನೆಯು ಪೂರ್ಣವಾಗಿ ಸ್ವತಂತ್ರವಾಗಿರಲಿಲ್ಲ. ಹೊರಗಿನವರು ಬರೆದು ಕೊಟ್ಟ ಭಾಗಗಳ ಗ್ರಂಥಸ್ವಾಮ್ಯದಲ್ಲಿ ಸನ್ ಕಂಪೆನಿಗೂ ಪಾಲು ಕೊಡಬೇಕೆಂಬ ನಿಯಮವಿದ್ದಿತು. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯದಲ್ಲಿಯೂ ಕಂಪೆನಿಯ ಮಾತೇ ಮೇಲು. ಇದರಿಂದ ಹಲವರಿಗೆ ಅಸಮಾಧಾನವಿದ್ದಿತು. ಹೀಗಿರಲು ಸನ್ ಕಂಪೆನಿಯೇ ಕಷ್ಟಕ್ಕೆ ಸಿಲುಕಿತು. ಒರಾಕಲ್ ಎಂಬ ಮತ್ತೊಂದು ಅಮೆರಿಕನ್ ಕಂಪೆನಿಯು ೨೦೦೯ರ ಏಪ್ರಿಲಿನಲ್ಲಿ ಅದನ್ನು ಕೊಳ್ಳುವುದಾಗಿ ಸಾರಿ, ೨೦೧೦ರ ಜನವರಿಯಲ್ಲಿ ವಶಪಡಿಸಿಕೊಂಡಿತು. ಹೊಸ ಒಡೆಯರಿಗೆ ಈ ಉಚಿತವಾದ ತಂತ್ರಾಂಶದಲ್ಲಿ ಎಷ್ಟು ಆದರವಿರಬಹುದೆಂಬ ಶಂಕೆಯು ಕೆಲಸಗಾರರಲ್ಲಿ ಹುಟ್ಟಿತು.

೨೦೧೦ರ ಸೆಪ್ಟೆಂಬರ್ ೨೮ರಂದು ಅವರಲ್ಲಿ ಮುಖ್ಯರಾದವರು ದಿ ಡಾಕ್ಯುಮೆಂಟ್ ಫೌಂಡೇಷನ್ ಎಂಬ ಸಂಸ್ಥೆಯನ್ನು ಸಾರಿ, ಮೂಲಪಾಠದ ಪ್ರತಿಯನ್ನು ತೆಗೆದುಕೊಂಡು ಹೊರಟರು. ಹೆಸರು ಒರಾಕಲ್ಲಿನ ಸ್ವತ್ತು. ಅದನ್ನು ದಾನವಾಗಿ ಕೊಡಬೇಕೆಂದು ಕೇಳಿಕೊಂಡರೂ ದೊರೆಯಲಿಲ್ಲ. ಆದಕಾರಣ ಲಿಬ್ರೆಆಫೀಸ್ ಎಂಬ ಹೊಸ ಹೆಸರನ್ನಿಟ್ಟರು. ಹೊಸ ಸಂಸ್ಥೆಗೆ ಸೇರಿದವರು ಹಳೆಯ ಯೋಜನೆಯ ಆಡಳಿತ ಸಮಿತಿಯನ್ನು ಬಿಡಬೇಕೆಂದು ಒರಾಕಲ್ ಸೂಚಿಸಿತು. ೨೦೧೧ರ ಜನವರಿ ೨೫ರಂದು ಲಿಬ್ರೆಆಫೀಸಿನ ಮೊದಲ ಸ್ಥಿರ ಆವೃತ್ತಿಯು ಹೊರಬಂದಿತು. ಜರ್ಮನಿಯ ಕಾನೂನಿನಂತೆ ಧರ್ಮನಿಧಿಯನ್ನು ಸ್ಥಾಪಿಸಲು ೫೦,೦೦೦ ಯೂರೋ ಮೂಲಧನವು ಬೇಕಾಗಿದ್ದಿತು. ಅದೇ ವರ್ಷದ ಫೆಬ್ರವರಿಯಲ್ಲಿ ಜನರನ್ನು ಬೇಡಲಾಗಿ, ಎಂಟೇ ದಿನಗಳಲ್ಲಿ ಆ ಹಣವು ಕೂಡಿತು. ೨೦೧೨ರಲ್ಲಿ ಸಂಸ್ಥೆಯು ಬರ್ಲಿನ್ ನಗರದಲ್ಲಿ ವಿಧಿವತ್ತಾಗಿ ನೋಂದಾಯಿತವಾಯಿತು. ಬರೆದು ಕೊಟ್ಟವರ ಗ್ರಂಥಸ್ವಾಮ್ಯವನ್ನು ಕೇಳುವ ಹಳೆಯ ನಿಯಮವನ್ನು ಇಲ್ಲಿ ಬಿಟ್ಟುಬಿಟ್ಟರು.

ಒರಾಕಲ್ ೨೦೧೧ರ ಏಪ್ರಿಲಿನಲ್ಲಿ ಈ ತಂತ್ರಾಂಶದ ವ್ಯಾಪಾರವನ್ನು ನಿಲ್ಲಿಸುವುದಾಗಿ ಸಾರಿ, ಜೂನ್ ತಿಂಗಳಲ್ಲಿ ಹೆಸರನ್ನೂ ಮೂಲಪಾಠವನ್ನೂ ಅಪಾಚೆ ಸಾಫ್ಟ್‌ವೇರ್ ಫೌಂಡೇಷನ್ನಿಗೆ ಒಪ್ಪಿಸಿತು. ಹೀಗೆ ಒಂದೇ ಮೂಲದಿಂದ ಎರಡು ಶಾಖೆಗಳಾದುವು. ಅಪಾಚೆಯ ಲೈಸೆನ್ಸು ಸಡಿಲವಾದುದು. ಅಲ್ಲಿ ಬರೆದುದನ್ನು ಲಿಬ್ರೆಆಫೀಸಿನವರು ತೆಗೆದುಕೊಳ್ಳಬಹುದು. ಲಿಬ್ರೆಆಫೀಸಿನ ಲೈಸೆನ್ಸು ತಿದ್ದಿದ ಪಾಠವನ್ನೂ ತೆರೆದೇ ಇಡಬೇಕೆಂದು ವಿಧಿಸುವುದರಿಂದ, ಅಲ್ಲಿ ಬರೆದುದನ್ನು ಅಪಾಚೆಯವರು ತಮ್ಮದರಲ್ಲಿ ಸೇರಿಸುವಂತಿಲ್ಲ. ಕಾಲಕ್ರಮದಲ್ಲಿ ಕೆಲಸಗಾರರು ಬಹುಮಟ್ಟಿಗೆ ಒಂದೇ ಕಡೆಗೆ ಕೂಡಿದರು. ೨೦೧೬ರ ಸೆಪ್ಟೆಂಬರಿನಲ್ಲಿ ಅಪಾಚೆ ಓಪನ್‌ಆಫೀಸಿನ ಮುಖ್ಯಸ್ಥರೇ, ಭದ್ರತೆಯ ದೋಷಗಳನ್ನು ಸಕಾಲದಲ್ಲಿ ತಿದ್ದುವಷ್ಟು ಜನರಿಲ್ಲದಿದ್ದರೆ ಯೋಜನೆಯನ್ನು ಮುಚ್ಚುವ ವಿಚಾರವನ್ನು ಚರ್ಚಿಸಬೇಕಾಗುವುದೆಂದು ಪ್ರಸ್ತಾಪಿಸಿದರು. ಅದು ಮುಚ್ಚಲಿಲ್ಲ, ಆದರೆ ಸಣ್ಣ ತಿದ್ದುಪಡಿಗಳಿಗಿಂತ ಹೆಚ್ಚಿನ ಬೆಳವಣಿಗೆಯೂ ಕಾಣಲಿಲ್ಲ. ಹಳೆಯ ಹೆಸರಿನ ಪ್ರಸಿದ್ಧಿಯಿಂದ ಜನರು ಅದನ್ನೇ ಇಳಿಸಿಕೊಳ್ಳುತ್ತಿದ್ದುದನ್ನು ಕಂಡು, ೨೦೨೦ರ ಅಕ್ಟೋಬರಿನಲ್ಲಿ ಲಿಬ್ರೆಆಫೀಸಿನವರು ಅಪಾಚೆಯವರಿಗೆ ಬಹಿರಂಗ ಪತ್ರವೊಂದನ್ನು ಬರೆದು, ಹೊಸ ಶಾಖೆಯ ವಿಷಯವನ್ನು ಬಳಕೆದಾರರಿಗೆ ತಿಳಿಸಬೇಕೆಂದು ಕೋರಿದರು.

ಈ ವೃತ್ತಾಂತದ ತಾತ್ಪರ್ಯವನ್ನು ಮತ್ತೊಂದು ತಂತ್ರಾಂಶದ ಗತಿಯೊಡನೆ ಹೋಲಿಸಿ ನೋಡಬಹುದು. ಲೋಟಸ್ ಸ್ಮಾರ್ಟ್‌ಸೂಟ್ ಎಂಬುದು ಒಂದು ಕಾಲದಲ್ಲಿ ಹೆಸರಾಂತ ಕಚೇರಿ ತಂತ್ರಾಂಶವಾಗಿದ್ದಿತು; ಅದರ ಒಡೆತನವು ಐಬಿಎಂ ಎಂಬ ಮಹಾ ಕಂಪೆನಿಯದು. ೨೦೧೩ರಲ್ಲಿ ಐಬಿಎಂ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ೨೦೧೪ರಲ್ಲಿ ಬೆಂಬಲವನ್ನೂ ನಿಲ್ಲಿಸಿತು. ಮೂಲಪಾಠವು ಹೊರಗೆ ಯಾರ ಬಳಿಯೂ ಇಲ್ಲದುದರಿಂದ ಅದನ್ನು ಮುಂದುವರಿಸುವವರು ಇಲ್ಲವಾದರು. ಸ್ಟಾರ್‌ಆಫೀಸಿನ ಸಂತಾನವಾದರೋ ಮೂರು ಒಡೆಯರನ್ನು ಕಂಡಿತು, ಮೂವರೂ ಅದನ್ನು ಬಿಟ್ಟರು, ಆದರೂ ಉಳಿಯಿತು. ಉಳಿಸಿದುದು ಯಾವ ಒಡೆಯನ ಔದಾರ್ಯವೂ ಅಲ್ಲ. ೨೦೦೦ದಲ್ಲಿ ಕೊಟ್ಟ ಪ್ರತಿಮಾಡುವ ಹಕ್ಕು. ಓಲೆಗ್ರಂಥದ ನ್ಯಾಯವೇ ಇದು.

ಆದರೆ ಈ ನ್ಯಾಯದ ಇನ್ನೊಂದು ಮುಖವನ್ನು ಮರೆಯಬಾರದು. ಪ್ರತಿಮಾಡುವ ಹಕ್ಕಿದ್ದ ಮಾತ್ರಕ್ಕೆ ಗ್ರಂಥವು ತಾನಾಗಿ ಪ್ರತಿಯಾಗುವುದಿಲ್ಲ. ಲಿಪಿಕಾರನಿಗೆ ಅನ್ನವಿಟ್ಟವರು ಇದ್ದುದರಿಂದಲೇ ಲಿಪಿಕಾರನಿದ್ದನು. ಲಿಬ್ರೆಆಫೀಸಿನ ಕಠಿಣವಾದ ಕೆಲಸದ ಬಹುಭಾಗವನ್ನು ಮಾಡಿದವರು ಬಿಡುವಿನ ವೇಳೆಯ ಸ್ವಯಂಸೇವಕರಲ್ಲ. ರೆಡ್ ಹ್ಯಾಟ್, ಕೊಲಾಬೊರಾ ಮೊದಲಾದ ಕಂಪೆನಿಗಳಿಂದ ಸಂಬಳವನ್ನು ಪಡೆಯುತ್ತಿದ್ದ ತಜ್ಞರು. ಕಂಪೆನಿಗಳಿಗೆ ಆದಾಯವು ಬರುತ್ತಿದ್ದುದು ಬೆಂಬಲವನ್ನು ಹಣಕೊಟ್ಟು ಪಡೆಯುವ ದೊಡ್ಡ ಗ್ರಾಹಕರಿಂದ. ದೊಡ್ಡ ಕಚೇರಿಗಳೂ ಉಚಿತವಾದ ಪ್ರತಿಯನ್ನೇ ಇಳಿಸಿಕೊಂಡು ಸುಮ್ಮನಿದ್ದರೆ ಈ ಆದಾಯವು ಬತ್ತುವುದು. ೨೦೨೦ರಲ್ಲಿ ಇದೇ ವಿಷಯವಾಗಿ ಯೋಜನೆಯೊಳಗೆ ತೀವ್ರವಾದ ಚರ್ಚೆಯು ನಡೆದು, ೨೦೨೧ರ ಫೆಬ್ರವರಿಯಲ್ಲಿ ಹೊರಬಂದ ೭.೧ ಆವೃತ್ತಿಗೆ ಕಮ್ಯೂನಿಟಿ ಎಂಬ ಉಪಪದವನ್ನು ಸೇರಿಸಲಾಯಿತು. ದೊಡ್ಡ ಸಂಸ್ಥೆಗಳು ಬೆಂಬಲವುಳ್ಳ ಆವೃತ್ತಿಯನ್ನು ಕೊಳ್ಳಲೆಂಬುದು ಅದರ ಸೂಚನೆ. ೨೦೨೩ರಲ್ಲಿ ರೆಡ್ ಹ್ಯಾಟ್ ತನ್ನ ವ್ಯವಸ್ಥೆಯ ಮುಂದಿನ ಆವೃತ್ತಿಗಳಲ್ಲಿ ಲಿಬ್ರೆಆಫೀಸನ್ನು ತಾನೇ ಸಿದ್ಧಪಡಿಸಿ ಕೊಡುವುದನ್ನು ಬಿಡುವುದಾಗಿ ತಿಳಿಸಿತು. ಇಂತಹ ಒಂದೊಂದು ಕೈ ಹಿಂತೆಗೆದಾಗಲೂ ಉಳಿದವರ ಮೇಲೆ ಭಾರವು ಹೆಚ್ಚುವುದು.

ಸರ್ಕಾರಗಳ ಅನುಭವವೂ ಮಿಶ್ರವಾಗಿದೆ. ಜರ್ಮನಿಯ ಮ್ಯೂನಿಕ್ ನಗರಸಭೆಯು ೨೦೦೩ರಲ್ಲಿ ಮುಕ್ತ ತಂತ್ರಾಂಶಕ್ಕೆ ಬದಲಾಗಲು ನಿಶ್ಚಯಿಸಿ, ಹತ್ತು ವರ್ಷಗಳಲ್ಲಿ ಸುಮಾರು ೧೫,೦೦೦ ಗಣಕಗಳನ್ನು ಬದಲಾಯಿಸಿತು. ೨೦೧೭ರಲ್ಲಿ ಅದೇ ನಗರಸಭೆಯು ಮರಳಿ ವಿಂಡೋಸಿಗೆ ಹೋಗಲು ತೀರ್ಮಾನಿಸಿತು. ಆಡಳಿತದ ಮೇಲಿನವರಲ್ಲಿ ಮನಸ್ಸು ಬದಲಾದರೆ ವರ್ಷಗಳ ಶ್ರಮವು ಹೇಗೆ ಹಿಂದಕ್ಕೆ ಸರಿಯುವುದೆಂಬುದಕ್ಕೆ ಇದು ಉದಾಹರಣೆ. ಆದರೆ ೨೦೨೪ರಲ್ಲಿ ಅದೇ ದೇಶದ ಶ್ಲೆಸ್ವಿಗ್ ಹೋಲ್ಸ್ಟೈನ್ ರಾಜ್ಯವು ತನ್ನ ಸುಮಾರು ೩೦,೦೦೦ ಗಣಕಗಳಲ್ಲಿ ಲಿಬ್ರೆಆಫೀಸನ್ನು ಅಳವಡಿಸಲು ನಿಶ್ಚಯಿಸಿತು. ೨೦೨೫ರಲ್ಲಿ ಡೆನ್ಮಾರ್ಕಿನ ಡಿಜಿಟಲ್ ಮಂತ್ರಾಲಯವೂ ಅದೇ ಮಾರ್ಗವನ್ನು ಸಾರಿತು.  ಈಚಿನವರು ಹೇಳುವ ಕಾರಣ, ರಾಜ್ಯದ ಕಾಗದಪತ್ರಗಳು ಪರದೇಶದ ಕಂಪೆನಿಯ ಅಧೀನದಲ್ಲಿರಬಾರದೆಂಬುದು. ಭಾರತ ಸರ್ಕಾರವೂ ೨೦೧೫ರಲ್ಲಿ ತನ್ನ ಕಚೇರಿಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಪ್ರಕಟಿಸಿದೆ.

ಬರಹವು ಪರಾಧೀನವಾದರೆ ಏನಾಗುವುದೆಂಬುದನ್ನು ಕನ್ನಡಿಗರು ಸ್ವಂತ ಅನುಭವದಿಂದ ಬಲ್ಲರು. ಗಣಕದಲ್ಲಿ ಕನ್ನಡವು ಮೊದಲಾದ ಕಾಲದಲ್ಲಿ ಒಂದೊಂದು ತಂತ್ರಾಂಶವೂ ತನ್ನದೇ ಆದ ಅಕ್ಷರಸಂಖ್ಯೆಗಳನ್ನು ಇಟ್ಟುಕೊಂಡಿದ್ದಿತು. ಒಂದರಲ್ಲಿ ಬರೆದುದನ್ನು, ಅದರ ಫಾಂಟ್ ಇಲ್ಲದ ಮತ್ತೊಂದು ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತಿದ್ದುವು. ಆ ಕಾಲದಲ್ಲಿ ಬೆರಳಚ್ಚಾದ ಎಷ್ಟೋ ಪುಸ್ತಕಗಳ ಕಡತಗಳನ್ನು ಇಂದಿಗೂ ಪರಿವರ್ತಕಗಳ ಮೂಲಕ ತಿರುಗಿಸಿ, ತಪ್ಪುಗಳನ್ನು ಕೈಯಿಂದ ತಿದ್ದಬೇಕಾಗಿದೆ. ಯೂನಿಕೋಡ್ ಎಂಬ ಸಾರ್ವತ್ರಿಕ ಕಟ್ಟಳೆಯು ೧೯೯೧ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡದ ಅಕ್ಷರಗಳಿಗೆ ಸ್ಥಾನವನ್ನು ಕೊಟ್ಟಿತು. ಬಳಕೆಗೆ ಬರಲು ಮಾತ್ರ ಬಹಳ ವರ್ಷಗಳು ಹಿಡಿದುವು. ಒತ್ತಕ್ಷರಗಳು ತಮ್ಮ ತಮ್ಮ ಸ್ಥಾನದಲ್ಲಿ ಸರಿಯಾಗಿ ಕೂಡುವಂತೆ ಮಾಡುವ ಹಾರ್ಫ್‌ಬಜ್ ಎಂಬ ಮುಕ್ತ ಸಾಧನವನ್ನು ಲಿಬ್ರೆಆಫೀಸ್ ೨೦೧೭ರ ೫.೩ ಆವೃತ್ತಿಯಿಂದ ಎಲ್ಲ ವ್ಯವಸ್ಥೆಗಳಲ್ಲಿಯೂ ಒಂದೇ ರೀತಿಯಾಗಿ ಉಪಯೋಗಿಸಿತು. ತಂತ್ರಾಂಶದ ಸೂಚನೆಗಳನ್ನು ಕನ್ನಡಕ್ಕೆ ಅನುವಾದಿಸಿದವರೂ ಉಂಟು. ಆದರೆ ಪ್ರತಿಯೊಂದು ಹೊಸ ಆವೃತ್ತಿಯೊಡನೆ ಹೊಸ ಸೂಚನೆಗಳು ಸೇರುವುದರಿಂದ, ಅನುವಾದವು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಹಂಗೇರಿಯನ್ನರು ತಮ್ಮ ಭಾಷೆಯ ಪ್ರತ್ಯಯಗಳಿಗಾಗಿ ಮಾಡಿದಂತಹ ಶ್ರಮವನ್ನು ಕನ್ನಡದ ವೈಯಾಕರಣರೂ ತಂತ್ರಜ್ಞರೂ ಕೂಡಿ ಮಾಡುವುದಕ್ಕೆ ಯಾವ ಒಡೆಯನ ತಡೆಯೂ ಇಲ್ಲ.

ಮುಂದಿನ ಕಾಲದಲ್ಲಿ ಹೊಸ ಪ್ರಶ್ನೆಯೊಂದು ಎದುರಾಗಿದೆ. ೨೦೦೬ರಲ್ಲಿ ಗೂಗಲ್ ಕಂಪೆನಿಯು, ಅನಂತರ ಮೈಕ್ರೋಸಾಫ್ಟ್ ಕಂಪೆನಿಯು, ಅಂತರ್ಜಾಲದ ಮೂಲಕವೇ ಬರೆಯುವ ವ್ಯವಸ್ಥೆಯನ್ನು ತಂದುವು. ಇದರಲ್ಲಿ ಅನುಕೂಲವು ಬಹಳ. ದೂರದೂರದಲ್ಲಿರುವ ಹತ್ತು ಮಂದಿ ಒಂದೇ ಹಾಳೆಯ ಮೇಲೆ ಏಕಕಾಲದಲ್ಲಿ ಬರೆಯಬಹುದು. ಆದರೆ ಇಲ್ಲಿ ತಂತ್ರಾಂಶ ಮಾತ್ರವಲ್ಲದೆ ಬರಹವೂ ಪರರ ಯಂತ್ರದಲ್ಲಿಯೇ ಇರುವುದು. ಮೊದಲು ಬೀಗದಕೈ ಮತ್ತೊಬ್ಬರದಾಗಿದ್ದಿತು. ಈಗ ಪೆಟ್ಟಿಗೆಯೂ ಮತ್ತೊಬ್ಬರ ಮನೆಯನ್ನು ಸೇರಿತು. ಲಿಬ್ರೆಆಫೀಸಿನ ಮೂಲಪಾಠದಿಂದಲೇ ಹುಟ್ಟಿದ, ಸಂಸ್ಥೆಗಳು ತಮ್ಮ ಸ್ವಂತ ಯಂತ್ರಗಳಲ್ಲಿ ನಡೆಯಿಸಬಹುದಾದ ಅಂತರ್ಜಾಲ ರೂಪಗಳೂ ಬಂದಿವೆ. ಆದರೆ ಅಂತಹ ಯಂತ್ರವನ್ನು ನಡೆಯಿಸುವುದಕ್ಕೆ ಹಣವೂ ಬೇಕು, ಬಲ್ಲವರೂ ಬೇಕು. ಆದುದರಿಂದ ಸ್ವಾತಂತ್ರ್ಯದ ಬೆಲೆಯು ಮೊದಲಿಗಿಂತಲೂ ಹೆಚ್ಚಾಗಿದೆಯೆಂದೇ ಹೇಳಬೇಕು.

ಹೀಗಿರುವಲ್ಲಿ ಮುಕ್ತ ಕಚೇರಿ ತಂತ್ರಾಂಶದ ಭವಿಷ್ಯವು ಅದರ ಗುಣದೋಷಗಳಿಗಿಂತ ಹೆಚ್ಚಾಗಿ ಬಳಸುವವರ ನಡತೆಯನ್ನು ಅವಲಂಬಿಸಿದೆ. ಶಾಲೆ, ಗ್ರಂಥಾಲಯ, ಸಾಹಿತ್ಯಸಂಘಗಳು ತಮ್ಮ ಬಹುಕಾಲ ಉಳಿಯಬೇಕಾದ ಬರಹಗಳನ್ನು ತೆರೆದ ಕಟ್ಟಳೆಯ ಕಡತಗಳಲ್ಲಿ, ಯೂನಿಕೋಡ್ ಅಕ್ಷರಗಳಲ್ಲಿ, ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಇಡುವುದು ಮೊದಲ ಕರ್ತವ್ಯ. ಇದಕ್ಕೆ ಖರ್ಚು ಅಲ್ಪ. ಉಳಿದ ಕರ್ತವ್ಯವು ಶಕ್ತಿಯುಳ್ಳವರದು: ಉಪಯೋಗವನ್ನು ಪಡೆಯುವ ಸರ್ಕಾರಗಳೂ ದೊಡ್ಡ ಸಂಸ್ಥೆಗಳೂ ಉಳಿತಾಯವಾದ ಹಣದಲ್ಲಿ ಒಂದು ಪಾಲನ್ನು ಕೆಲಸಗಾರರಿಗೆ ತಲುಪಿಸಬೇಕು. ತರುಣರು ಅನುವಾದದಿಂದಲೋ, ದೋಷಗಳನ್ನು ತಿಳಿಸುವುದರಿಂದಲೋ, ಮೂಲಪಾಠವನ್ನೇ ಕಲಿತು ತಿದ್ದುವುದರಿಂದಲೋ ಕೈಗೂಡಿಸಬೇಕು. ಲೂನೆಬುರ್ಗಿನ ಆ ತರುಣನು ಆರಂಭಿಸಿದ ಕಾರ್ಯವು ನಾಲ್ಕು ದಶಕಗಳ ಕಾಲ ಕೈಯಿಂದ ಕೈಗೆ ಬಂದಿದೆ. ಪಡೆದುಕೊಂಡವರು ಪ್ರತಿಮಾಡಿ ತಿದ್ದಿ ಮುಂದಿನವರಿಗೆ ಒಪ್ಪಿಸಿದಷ್ಟು ಕಾಲವೂ ಅದು ಉಳಿಯುವುದು. ತೆಗೆದುಕೊಳ್ಳುವವರು ಮಾತ್ರ ಉಳಿದು ಪ್ರತಿಮಾಡುವವರು ಇಲ್ಲವಾದ ದಿನ, ಹಕ್ಕುಪತ್ರವು ಮಾತ್ರ ಉಳಿದು ಗ್ರಂಥವು ಹುಳುವಿನ ಪಾಲಾಗುವುದು.